ಹೆಡ್‌ಲೈಟ್ ಹಾಕಿದರೆ ಪೆಟ್ರೋಲ್ ಏರುವ ಕಾರು

ಕಾರ್ಖಾನೆಯಲ್ಲಿ ತಯಾರಾದ ಕಾರಿಗೂ, ಬಿಡಿಭಾಗಗಳ ಕಿಟ್ ತರಿಸಿಕೊಂಡು ಯಾರೋ ಪುಣ್ಯಾತ್ಮರು ಮನೆಯ ಶೆಡ್ಡಿನಲ್ಲಿ ಜೋಡಿಸಿದ ಕಾರಿಗೂ ಇರುವ ನಿಜವಾದ ವ್ಯತ್ಯಾಸ ಹೊರಗೆ ನಿಂತು ನೋಡುವವರಿಗೆ ತಿಳಿಯುವುದಿಲ್ಲ. ಅದು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುತ್ತದೆ. ಕಾರ್ಖಾನೆಯ ಕಾರು ಕೆಟ್ಟರೆ ವೈರಿಂಗ್ ನಕ್ಷೆಯನ್ನು ಬಿಡಿಸಿಕೊಂಡು ಕೂರಬಹುದು. ಕಿಟ್ ಕಾರಿನ ನಕ್ಷೆ ಅದನ್ನು ಜೋಡಿಸಿದವರ ತಲೆಯಲ್ಲಿ ಮಾತ್ರ ಇರುತ್ತದೆ, ಕಾರನ್ನು ಮಾರುವಾಗ ಅವರು ತಲೆಯನ್ನು ತಮ್ಮ ಜೊತೆಗೇ ಒಯ್ದಿರುತ್ತಾರೆ.

ಕಿಟ್ ಕಾರಿನ ಹುಟ್ಟಿನಲ್ಲೇ ಉಳಿತಾಯದ ಬುದ್ಧಿ ಇದೆ. ಬ್ರಿಟನ್ನಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್‌ನಂಥ ಕಾರನ್ನು ಬಿಡಿಭಾಗಗಳಾಗಿ ಕೊಂಡು ತಾವೇ ಜೋಡಿಸಿಕೊಂಡವರಿಗೆ ಖರೀದಿ ತೆರಿಗೆ ಉಳಿಯುತ್ತಿತ್ತು. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದ ಮೇಲೆ ಆ ಅನುಕೂಲ ಹೋಯಿತು, ಬುದ್ಧಿ ಮಾತ್ರ ಉಳಿಯಿತು. ನನ್ನ ಕಾರನ್ನು ಕಟ್ಟಿದ ಮಹನೀಯರು ಇಂಜಿನ್ನನ್ನು ಒಂದು ಹಳೆಯ ಕಾರಿನಿಂದ, ಇಂಜಿನ್ ಓಡುವಾಗ ವಿದ್ಯುತ್ತು ತಯಾರಿಸಿ ಬ್ಯಾಟರಿ ತುಂಬಿಸುವ ಆಲ್ಟರ್ನೇಟರನ್ನು ಇನ್ನೊಂದರಿಂದ, ಮೀಟರುಗಳನ್ನು ಮೂರನೆಯದರಿಂದ ಕಿತ್ತು ತಂದಿದ್ದರು. ವೈರ್ ಒಂದನ್ನು ಮಾತ್ರ ಹೊಸದಾಗಿ ಕೊಂಡಿದ್ದರು, ಅದೂ ಒಂದೇ ದೊಡ್ಡ ಸುರುಳಿ, ಒಂದೇ ಬಣ್ಣ. ಕೆಂಪು.

ಹಳೆಯ ಬ್ರಿಟಿಷ್ ಕಾರುಗಳ ಪದ್ಧತಿಯಲ್ಲಿ ಪ್ರತಿಯೊಂದು ಬಣ್ಣಕ್ಕೂ ಒಂದು ಜವಾಬ್ದಾರಿ ಇರುತ್ತದೆ. ಬ್ಯಾಟರಿಯಿಂದ ಫ್ಯೂಸಿಲ್ಲದೆ ನೇರವಾಗಿ ಬರುವುದು ಕಂದು, ಆಲ್ಟರ್ನೇಟರಿನಿಂದ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಕ್ಕೆ ಹೋಗುವುದು ಹಳದಿ ಗೆರೆಯ ಕಂದು, ಇಗ್ನಿಷನ್ ಕೀ ತಿರುಗಿಸಿದಾಗ ಜೀವ ಬರುವುದು ಬಿಳಿ, ವಿದ್ಯುತ್ತು ಬ್ಯಾಟರಿಗೆ ಮರಳುವ ಅರ್ತಿಂಗ್ ಕಪ್ಪು. ಇಷ್ಟು ಗೊತ್ತಿದ್ದವರು ಕಣ್ಣಿನಿಂದಲೇ ಅರ್ಧ ರೋಗ ಹಿಡಿಯಬಲ್ಲರು. ನನ್ನ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಮೇಲೆ ನೋಡಿದರೆ ಕಾಣುತ್ತಿದ್ದುದು ಒಂದು ದಟ್ಟವಾದ ಕೆಂಪು ಪೊದೆ. ಅದರ ನಡುವೆ ಅಪರೂಪಕ್ಕೆ ಒಂದು ಕಪ್ಪು ವೈರ್ ಸಿಕ್ಕಿತು. ಸಮಾಧಾನದಿಂದ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದಾಗ ಅದು ಹಾರನ್ನಿಗೆ ಹನ್ನೆರಡು ವೋಲ್ಟ್ ಒಯ್ಯುತ್ತಿತ್ತು.

ದೂರು ಮೇಲ್ನೋಟಕ್ಕೆ ಸರಳವಾಗಿತ್ತು. ದೂರದ ಪ್ರಯಾಣ ಮುಗಿಸಿ ಬಂದ ಮರುದಿನ ಸ್ಟಾರ್ಟರ್ ಹುರುಪಿನಿಂದ ತಿರುಗುತ್ತಿತ್ತು. ಪೇಟೆಯೊಳಗೆ ನಿಂತು ನಿಂತು ಓಡಾಡಿದ ಮರುದಿನ ‘ಟಕ್’ ಎಂದು ಒಂದು ಸದ್ದು ಮಾಡಿ ಮೌನ ತಾಳುತ್ತಿತ್ತು. ಇಂಥ ಕಾರನ್ನು ಕಂಡವರೆಲ್ಲ ಕೊಡುವ ಸಲಹೆ ಬ್ಯಾಟರಿ ಬದಲಾಯಿಸಿ ಎಂಬುದು. ಹಿಂದಿನ ಮಾಲೀಕರು ಅದನ್ನು ಬದಲಾಯಿಸಿಯೇ ಕೊಟ್ಟಿದ್ದರು. ಹೊಸ ಬ್ಯಾಟರಿ ಹಳೆಯದರ ಚಾಳಿಯನ್ನು ಬಹುಬೇಗ ಕಲಿತುಕೊಂಡಿತ್ತು. ಇನ್ನೊಂದು ಸಲಹೆ ಬಂದದ್ದು ಆಲ್ಟರ್ನೇಟರಿಗೆ ಮುಂಚಿನ ಡೈನಮೋ ಕಾಲದಿಂದ ಕಾರು ಓಡಿಸಿದ ನೆರೆಮನೆಯ ಹಿರಿಯರಿಂದ. “ಇಂಜಿನ್ ಓಡ್ತಿರುವಾಗ ಬ್ಯಾಟರಿ ವೈರ್ ಕಿತ್ತುಬಿಡಿ ಸಾರ್. ಇಂಜಿನ್ ನಿಲ್ಲಲಿಲ್ಲ ಅಂದ್ರೆ ಚಾರ್ಜಿಂಗ್ ಸರಿ ಇದೆ ಅಂತ ಲೆಕ್ಕ” ಎಂದು ಅವರು ಹೇಳಿದ್ದಲ್ಲದೆ ಸ್ವತಃ ಸ್ಪಾನರ್ ಹಿಡಿದು ಮುಂದೆಯೂ ಬಂದರು. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹೀಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಒಳಗಿನ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡುಗಳು ಸುಟ್ಟುಹೋಗಬಹುದೆಂದು ವಿನಯದಿಂದ ವಿವರಿಸಿ, ಅವರ ಕೈಯಿಂದ ಸ್ಪಾನರನ್ನು ಬಿಡಿಸಿಕೊಳ್ಳುವುದು ಆ ದಿನದ ಅತ್ಯಂತ ಕಠಿಣವಾದ ಕೆಲಸವಾಗಿತ್ತು.

ಮಲ್ಟಿಮೀಟರಿಗೆ ಇಂಥ ದಾಕ್ಷಿಣ್ಯಗಳಿಲ್ಲ. ಚೆನ್ನಾಗಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ ಅದು 13.8ರಿಂದ 14.4ರವರೆಗೆ ಏರಬೇಕು. ನನ್ನದು ಇಂಜಿನ್ ಓಡುವಾಗ 12.2 ತೋರಿಸುತ್ತಿತ್ತು, ಅಂದರೆ ಬ್ಯಾಟರಿಯೇ ಕಾರನ್ನು ಸಾಕುತ್ತಿತ್ತು. ಡ್ಯಾಶ್‌ಬೋರ್ಡಿನ ಕೆಂಪು ಎಚ್ಚರಿಕೆ ದೀಪವೂ ಚಾರ್ಜಿಂಗ್ ಇಲ್ಲವೆಂದು ಬೆಳಗುತ್ತಿತ್ತು. ಎಕ್ಸಲರೇಟರನ್ನು ಜೋರಾಗಿ ತುಳಿದು ಇಂಜಿನ್ ಚೀರುವಂತೆ ಮಾಡಿದರೆ ಆ ದೀಪ ತಟ್ಟನೆ ಆರುತ್ತಿತ್ತು, ವೋಲ್ಟೇಜ್ ಏರುತ್ತಿತ್ತು, ಆಮೇಲೆ ನಿಧಾನಕ್ಕೆ ಓಡಿಸಿದರೂ ಚಾರ್ಜಿಂಗ್ ಮುಂದುವರಿಯುತ್ತಿತ್ತು. ಹೆದ್ದಾರಿಯ ಸಭ್ಯತೆಗೂ ಪೇಟೆಯ ಪುಂಡಾಟಕ್ಕೂ ಕಾರಣ ಅಲ್ಲಿತ್ತು.

ಆ ದೀಪ ಬರೀ ಚಾಡಿ ಹೇಳುವುದಕ್ಕಾಗಿ ಇರುವುದಲ್ಲ, ಅದಕ್ಕೆ ಸ್ವಂತ ಉದ್ಯೋಗವೂ ಇದೆ. ಆಲ್ಟರ್ನೇಟರಿನೊಳಗೆ ತಿರುಗುವ ರೋಟರ್ ಆಯಸ್ಕಾಂತವಾಗಬೇಕಾದರೆ ಅದರ ಸುರುಳಿಗೆ ಮೊದಲು ಸ್ವಲ್ಪ ವಿದ್ಯುತ್ತನ್ನು ಹೊರಗಿನಿಂದ ಕೊಡಬೇಕು. ಒಮ್ಮೆ ಉತ್ಪಾದನೆ ಶುರುವಾದರೆ ಅದು ತನಗೆ ಬೇಕಾದದ್ದನ್ನು ತಾನೇ ನೋಡಿಕೊಳ್ಳುತ್ತದೆ. ಹಾಡಲು ಕುಳಿತವರಿಗೆ ತಂಬೂರಿ ಶ್ರುತಿ ಕೊಡುವಂತೆ ಈ ಮೊದಲ ವಿದ್ಯುತ್ತನ್ನು ಕೊಡುವುದು 2.2 ವ್ಯಾಟಿನ ಆ ಪುಟ್ಟ ಬಲ್ಬು. ಅದರ ಮೂಲಕ ಸುಮಾರು 180 ಮಿಲಿಆಂಪಿಯರ್ ಹರಿಯುತ್ತದೆ. ಚಾರ್ಜಿಂಗ್ ಆರಂಭವಾದ ಮೇಲೆ ದೀಪದ ಎರಡೂ ತುದಿಗಳಲ್ಲಿ ವೋಲ್ಟೇಜ್ ಸಮವಾಗುವುದರಿಂದ ಅದು ಆರಿಹೋಗುತ್ತದೆ. ನಮ್ಮ ಮಹನೀಯರು ಸೌಂದರ್ಯದೃಷ್ಟಿಯಿಂದ ಬಲ್ಬನ್ನು ಕಿತ್ತು ಅಲ್ಲೊಂದು ಎಲ್‌ಇಡಿ ಕೂರಿಸಿದ್ದರು. ಎಲ್‌ಇಡಿ ಬಹಳ ಮಿತಾಹಾರಿ. ಕೆಲವೇ ಮಿಲಿಆಂಪಿಯರಿನಲ್ಲಿ ಕಣ್ಣು ಕೋರೈಸುವಂತೆ ಉರಿಯುತ್ತದೆ, ರೋಟರಿಗೆ ದಕ್ಕುವುದೂ ಅಷ್ಟೇ. ಹಾಗಾಗಿ ರೋಟರಿನ ಕಬ್ಬಿಣದಲ್ಲಿ ಹಿಂದಿನಿಂದ ಉಳಿದುಕೊಂಡ ಅಲ್ಪಸ್ವಲ್ಪ ಕಾಂತಶಕ್ತಿಯಿಂದಲೇ ಕೆಲಸ ಶುರುವಾಗುವಷ್ಟು ವೇಗ ಬರುವವರೆಗೂ ಇಂಜಿನ್ ಚೀರಬೇಕಾಗಿತ್ತು.

ಟಾರ್ಚ್ ಹಿಡಿಯಲೆಂದು ಬಂದಿದ್ದ ನನ್ನ ಭಾವಮೈದನಿಗೆ ಆ ದೀಪವನ್ನು ಕೀಳುವುದು ಸ್ವಲ್ಪವೂ ಇಷ್ಟವಾಗಲಿಲ್ಲ. “ಇಡೀ ಕಾರಿನಲ್ಲಿ ನೆಟ್ಟಗೆ ಕೆಲಸ ಮಾಡ್ತಿರೋದು ಇದೊಂದೇ ಅಲ್ವಾ ಭಾವ?” ಎಂದು ಅವನು ಕೇಳಿದ. ಮಾಮೂಲಿ ಬಲ್ಬು ಹಾಕಿ ಕೀ ತಿರುಗಿಸಿದಾಗ ಮಂಕಾದ ಕೆಂಪು ಬೆಳಕು ಬಂತು, ಇಂಜಿನ್ ಹಿಡಿದ ಕೂಡಲೇ ಆರಿತು, ಆಲ್ಟರ್ನೇಟರಿನ ಬಾಯಲ್ಲಿ 14.2 ವೋಲ್ಟ್ ಸಿಕ್ಕಿತು. ಕೈ ತೊಳೆಯಲು ಹೊರಟವನನ್ನು ಅವನೇ ಕೂಗಿ ಕರೆದ. ಕತ್ತಲಾಗುತ್ತಿದ್ದುದರಿಂದ ಅವನು ಹೆಡ್‌ಲೈಟ್ ಹಾಕಿದ್ದ. “ಭಾವ, ಪೆಟ್ರೋಲ್ ಹಾಕದೇನೇ ಜಾಸ್ತಿ ಆಯ್ತು ನೋಡಿ!”

ನಿಜವಾಗಿಯೂ ಪೆಟ್ರೋಲ್ ಮೀಟರಿನ ಮುಳ್ಳು ಏರಿತ್ತು. ಹೆಡ್‌ಲೈಟ್ ಆರಿಸಿದರೆ ಇಳಿಯುತ್ತಿತ್ತು, ಹಾಕಿದರೆ ನಿಧಾನವಾಗಿ, ಯೋಚಿಸಿ ನಿರ್ಧಾರಕ್ಕೆ ಬಂದವರಂತೆ ಮತ್ತೆ ಏರುತ್ತಿತ್ತು. ಅದರ ಪಕ್ಕದ ಟೆಂಪರೇಚರ್ ಮುಳ್ಳೂ ಅದಕ್ಕೆ ಜೊತೆ ಕೊಡುತ್ತಿತ್ತು. ಜಗತ್ತಿನ ಇಂಧನ ಸಮಸ್ಯೆಯನ್ನು ಭಾವಮೈದ ಆ ಗಳಿಗೆಯಲ್ಲಿ ಬಗೆಹರಿಸಿದ್ದನಾದರೂ, ನನಗೆ ಕಂಡದ್ದು ಅರ್ತಿಂಗಿನ ತೊಂದರೆ. ಹಳೆಯ ಮೀಟರುಗಳಿಗೆ ಸುಮಾರು 10 ವೋಲ್ಟ್ ಮಾತ್ರ ಕೊಡುವ ಒಂದು ಪುಟ್ಟ ಸ್ಟೆಬಿಲೈಸರ್ ಇರುತ್ತದೆ. ಅದು ಆ ಹತ್ತನ್ನು ಅಳೆಯುವುದು ತನ್ನ ಅರ್ತ್ ವೈರಿನಿಂದ. ಹೆಡ್‌ಲೈಟುಗಳೂ ಅದೇ ಬಡಕಲು ವೈರಿನಲ್ಲಿ ಹಿಂದಿರುಗುತ್ತಿದ್ದರೆ ಆ ವೈರಿನ ಮಟ್ಟವೇ ಮೇಲೇರುತ್ತದೆ, ಮುಳ್ಳುಗಳು ಏರದೆ ಇನ್ನೇನು ಮಾಡಬೇಕು?

ಕಬ್ಬಿಣದ ಮೈಯಿರುವ ಕಾರಿನಲ್ಲಿ ಅರ್ತಿಂಗ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ಇಡೀ ಮೈಯೇ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ. ನನ್ನ ಕಾರಿನ ಫೈಬರ್ ಗ್ಲಾಸ್ ಮೈಗೆ ಆ ಔದಾರ್ಯವಿಲ್ಲ. ಒಂದೊಂದು ದೀಪಕ್ಕೂ ಮರಳುವ ವೈರನ್ನು ಬೇರೆಯಾಗಿ ಎಳೆಯಬೇಕು. ಇಂಜಿನ್ನಂತೂ ರಬ್ಬರ್ ಮೌಂಟುಗಳ ಮೇಲೆ ಕೂತಿರುವುದರಿಂದ ಅದಕ್ಕೂ ಕಾರಿನ ಕಬ್ಬಿಣದ ಅಡಿಕಟ್ಟಾದ ಚಾಸಿಗೂ ನಡುವೆ ದಪ್ಪನೆಯ ತಾಮ್ರದ ಪಟ್ಟಿಯೊಂದು ಇರಲೇಬೇಕು. ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಔಟ್‌ಪುಟ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ಸಿಗೂ ಇಟ್ಟೆ: 0.2 ವೋಲ್ಟ್, ಕ್ಷಮಿಸಬಹುದು. ಅದನ್ನೇ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ಇಟ್ಟರೆ 0.8. ಆಲ್ಟರ್ನೇಟರ್ ಪ್ರಾಮಾಣಿಕವಾಗಿ ದುಡಿದ 14.2ರಲ್ಲಿ ಬ್ಯಾಟರಿಯ ಕೈಸೇರುತ್ತಿದ್ದುದು 13.2 ಮಾತ್ರ, ಉಳಿದದ್ದೆಲ್ಲ ದಾರಿಖರ್ಚು.

ತಾಮ್ರದ ಪಟ್ಟಿ ಇರಬೇಕಾದ ಜಾಗದಲ್ಲೇ ಇತ್ತು, ಹೊಳೆಯುತ್ತಲೂ ಇತ್ತು. ಆದರೆ ಅದರ ಬೋಲ್ಟನ್ನು ಚಾಸಿಯ ಬಣ್ಣದ ಮೇಲೆಯೇ ಬಿಗಿಯಲಾಗಿತ್ತು. ಅದೆಂಥ ಬಣ್ಣವೆಂದರೆ, ಅಷ್ಟು ನುಣುಪಾಗಿ, ಅಷ್ಟು ದಪ್ಪವಾಗಿ ಬಳಿದ ಚಾಸಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದು ಕಣ ತುಕ್ಕೂ ಒಳನುಗ್ಗಲಾರದ ಆ ಬಣ್ಣವನ್ನು ವಿದ್ಯುತ್ತು ಹೇಗೆ ತಾನೆ ದಾಟೀತು? ಬೋಲ್ಟಿನ ಎಳೆಗಳಲ್ಲಿ ಸಿಕ್ಕ ಸಣ್ಣ ಸಂದಿಯಲ್ಲಿ ನುಸುಳಿದಷ್ಟು ನುಸುಳಿ, ಉಳಿದ ವಿದ್ಯುತ್ತು ತನಗೆ ಬೇರೆ ದಾರಿ ಹುಡುಕಿಕೊಂಡಿತ್ತು. ಇಂಜಿನ್ನಿಗೂ ಚಾಸಿಗೂ ಲೋಹದ ಸಂಬಂಧ ಉಳಿದದ್ದು ಎಕ್ಸಲರೇಟರ್ ಕೇಬಲ್ಲಿನ ಮೂಲಕ. ಸ್ಟಾರ್ಟರ್ ತಿರುಗುವಾಗ ನೂರಕ್ಕೂ ಹೆಚ್ಚು ಆಂಪಿಯರ್ ಬೇಡುತ್ತದೆ. ಅದರಲ್ಲಿ ಒಂದು ಪಾಲು ಆ ಬಡಪಾಯಿ ತಂತಿಯಲ್ಲಿ ಹರಿಯುತ್ತಿತ್ತು. ಭಾವಮೈದ ಸ್ಟಾರ್ಟರ್ ತಿರುಗಿಸುತ್ತಿದ್ದಂತೆ ನಾನು ಕೇಬಲ್ಲಿನ ಹೊದಿಕೆಯನ್ನು ಮುಟ್ಟಿ, ಮುಟ್ಟಿದಷ್ಟೇ ವೇಗದಲ್ಲಿ ಬೆರಳನ್ನು ವಾಪಸು ಪಡೆದೆ. ಬಿಚ್ಚಿ ನೋಡಿದಾಗ ಒಳಗಿನ ನೈಲಾನ್ ಕೊಳವೆ ಮೆತ್ತಗಾಗಿ ತಂತಿಗೆ ಅಂಟಿಕೊಂಡಿತ್ತು. ಎಕ್ಸಲರೇಟರ್ ಬಿಗಿಯಾಗಿದೆ ಎಂಬ ಹಳೆಯ ದೂರಿಗೆ ಹಿಂದಿನ ಮಾಲೀಕರು ಎಷ್ಟು ಗ್ರೀಸ್ ಸುರಿದಿದ್ದರೆಂಬುದೂ ಆಗಲೇ ತಿಳಿದದ್ದು.

ದುರಸ್ತಿಯಲ್ಲಿ ಹೇಳುವಂಥದ್ದೇನೂ ಇಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಆ ಅಪೂರ್ವ ಬಣ್ಣವನ್ನು ಬೆಳ್ಳಗೆ ಕಬ್ಬಿಣ ಕಾಣುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಪಟ್ಟಿಯನ್ನು ಬಿಗಿದು, ಮೇಲೆ ವ್ಯಾಸಲೀನ್ ಸವರಿ, ಹೆಡ್‌ಲೈಟುಗಳಿಗೆ ಪ್ರತ್ಯೇಕವಾದ ದಪ್ಪ ಅರ್ತ್ ವೈರುಗಳನ್ನು ಎಳೆದದ್ದಾಯಿತು. ಕೇಬಲ್ ಹೊಸದು ಬಂತು. ಮೈನಸ್ ಕಡೆಯ ನಷ್ಟ 0.1 ವೋಲ್ಟಿಗೆ ಇಳಿಯಿತು, ಹೆಡ್‌ಲೈಟ್ ಹಾಕಿದರೂ ಪೆಟ್ರೋಲ್ ಇದ್ದಷ್ಟೇ ಇತ್ತು. ಇದರಿಂದ ಭಾವಮೈದನಿಗೆ ಆದ ನಿರಾಶೆಯನ್ನು ನಾನು ಗಮನಿಸದೆ ಇರಲಿಲ್ಲ.

ಅಷ್ಟರಲ್ಲಿ ಬಾನೆಟ್ಟಿನ ಒಳಗಿನಿಂದ ಕಿವಿ ಕೊರೆಯುವ ಒಂದು ಕೀರಲು ಸದ್ದು ಹೊರಟಿತು. ಇಷ್ಟು ಕಾಲ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿ ಈಗ ದಾರಿ ತೆರೆದ ಮೇಲೆ ಒಂದೇ ಸಮನೆ ಉಣ್ಣತೊಡಗಿತ್ತು. ಆಲ್ಟರ್ನೇಟರಿಗೆ ಮೊದಲ ಬಾರಿ ನಿಜವಾದ ಹೊರೆ ಬಿದ್ದಿತ್ತು. ಅದನ್ನು ತಿರುಗಿಸಬೇಕಾದ ಬೆಲ್ಟ್ ಜಾರುತ್ತಿತ್ತು. ಬೆಲ್ಟಿನ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಅಂಗುಲದಷ್ಟು ಬಗ್ಗಬೇಕು, ಇದು ಅದರ ಮೂರರಷ್ಟು ಬಗ್ಗಿತು. ಬಿಗಿ ಮಾಡಬೇಕಾದರೆ ಮೊದಲು ಸಡಿಲಿಸಬೇಕಾದ ಬೋಲ್ಟು ರೇಡಿಯೇಟರಿನ ಕೊಳವೆಯ ಹಿಂದಿದೆ, ಆ ಕೊಳವೆಯನ್ನು ಬಿಚ್ಚದೆ ಅಲ್ಲಿಗೆ ಸ್ಪಾನರ್ ಹೋಗುವುದಿಲ್ಲ, ಬಿಚ್ಚಿದರೆ ನೀರೆಲ್ಲ ಬಸಿದುಹೋಗುತ್ತದೆ ಎಂದು ನಾನು ವಿವರಿಸುತ್ತಿರುವಾಗಲೇ ಭಾವಮೈದ ಟಾರ್ಚನ್ನು ನನ್ನ ಕೈಗಿಟ್ಟು, “ನಾಳೆ ನನಗೆ ಒಂದು ಮದುವೆ ಇದೆ ಭಾವ” ಎಂದ. ಯಾರದೆಂದು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಯೋಚಿಸಿದ.