ಸತ್ಯಾಂಶ: ಟಾರಂಟುಲಾ ಜೇಡದ ಬೋಳು ಬೆನ್ನು

ಸಾಕಿದ ಟಾರಂಟುಲಾ ಜೇಡದ ಬೆನ್ನು ಬೋಳಾದರೆ ಅದು ಹರಡುವ ಚರ್ಮರೋಗ, ಕೊಬ್ಬರಿ ಎಣ್ಣೆ ಸವರಬೇಕು ಎಂಬ ಸಂದೇಶ ಚಿಕ್ಕಮಗಳೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಇದು ಸುಳ್ಳು. ಅಮೆರಿಕ ಖಂಡಗಳ ಬಹುಪಾಲು ಟಾರಂಟುಲಾಗಳು ಬೆದರಿದಾಗ ಹಿಂಗಾಲುಗಳಿಂದ ಉದರದ ಮೇಲ್ಭಾಗವನ್ನು ಸರಸರನೆ ಉಜ್ಜಿ, ಚುಚ್ಚುವ ಸೂಕ್ಷ್ಮ ರೋಮಗಳನ್ನು ಎದುರಾಳಿಯತ್ತ ತೂರುತ್ತವೆ. ಅದರಿಂದಲೇ ಅಲ್ಲಿ ಬೋಳು ಕಲೆ ಉಳಿಯುತ್ತದೆ. ನಮ್ಮ ಮಲೆನಾಡಿನ ಕಾಡುಗಳಲ್ಲಿರುವ ಟಾರಂಟುಲಾಗಳಿಗಂತೂ ಇಂಥ ರೋಮಗಳೇ ಇಲ್ಲ. ಬೋಳು ಹೆಚ್ಚುತ್ತಿದ್ದರೆ ಜೇಡವನ್ನು ಕೈಗೆತ್ತಿಕೊಳ್ಳುವುದನ್ನೂ ಪೆಟ್ಟಿಗೆಯನ್ನು ಅಲುಗಾಡಿಸುವುದನ್ನೂ ನಿಲ್ಲಿಸಬೇಕು. ಎಣ್ಣೆ ಬೇಡವೇ ಬೇಡ, ಏಕೆಂದರೆ ಅದು ಉದರದಡಿಯ ಉಸಿರಾಟದ ಸೀಳುಗಳನ್ನು ಮುಚ್ಚಬಹುದು. ಬೋಳು ಜಾಗ ಕಪ್ಪಾಗತೊಡಗಿದರೆ ಸಾಮಾನ್ಯವಾಗಿ ಪೊರೆ ಕಳಚುವ ಕಾಲ ಸಮೀಪಿಸಿದೆ ಎಂದರ್ಥ. ಆಗ ಜೀವಂತ ಹುಳುಗಳನ್ನು ಒಳಗೆ ಬಿಡದೆ, ನೀರನ್ನಷ್ಟೇ ಇಟ್ಟು ಅದರ ಪಾಡಿಗೆ ಬಿಡಬೇಕು. ಪೊರೆ ಕಳಚಿದಾಗ ಹೊಸ ರೋಮಗಳು ಬಂದಿರುತ್ತವೆ.