ರಿಪೋರ್ಟ್ ನಾರ್ಮಲ್, ಹೊಟ್ಟೆನೋವು ಹಾಗೇ ಇದೆ

ಮಗುವಿನ ರಿಪೋರ್ಟ್ ನಾರ್ಮಲ್ ಅಂತ ಬಂದಾಗ ಹೆತ್ತವರಿಗೆ ಖುಷಿಯಾಗಬೇಕು. ಆಗುತ್ತೆ ಕೂಡ, ಆಸ್ಪತ್ರೆ ಗೇಟು ದಾಟೋವರೆಗೆ. ಆಮೇಲೆ ಆಟೋದಲ್ಲಿ ಹೊಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ಕೂತ ಮಗುವನ್ನು ನೋಡಿದರೆ ಬೇರೆಯದೇ ಭಯ ಶುರುವಾಗುತ್ತೆ. ಏನೂ ಇಲ್ಲ ಅಂದಮೇಲೆ ಇದು ಏನು? ಕಾಯಿಲೆಗೆ ಹೆಸರಿದ್ದರೆ ಅದಕ್ಕೊಂದು ಮಾತ್ರೆ ಇರುತ್ತೆ, ಪಥ್ಯ ಇರುತ್ತೆ, ಅದೇ ಕಾಯಿಲೆಯಿಂದ ವಾಸಿಯಾದ ಯಾರದೋ ಚಿಕ್ಕಪ್ಪನ ಮಗ ಇರುತ್ತಾನೆ. ಹೆಸರಿಲ್ಲದ ನೋವನ್ನು ಮನೆಯವರೇ ಕೂತು ಊಹಿಸಿಕೊಳ್ಳಬೇಕು. ರಾತ್ರಿ ಒಂದು ಗಂಟೆಯ ಊಹೆಗಳು ಹೇಗಿರುತ್ತವೆ ಅಂತ ಗೊತ್ತಲ್ಲ.

ನನ್ನ ಮಗಳು ನಾಲ್ಕನೇ ಕ್ಲಾಸು. ಬೇಸಿಗೆಯಲ್ಲಿ ಒಂದು ಮದುವೆ ಊಟ ಮುಗಿಸಿ ಬಂದವಳಿಗೆ ವಾಂತಿ-ಭೇದಿ ಆಯ್ತು, ಕೆಲವೇ ದಿನದಲ್ಲಿ ನಿಂತೂ ಹೋಯ್ತು. ಹೊಟ್ಟೆನೋವು ಮಾತ್ರ ಉಳಕೊಂಡಿತು. ಬರುತ್ತೆ, ಹೋಗುತ್ತೆ. ಹೆಚ್ಚಾಗಿ ಬೆಳಿಗ್ಗೆ, ಯೂನಿಫಾರಂ ಹಾಕೋ ಹೊತ್ತಿಗೆ. ಹಾಗಂತ ಭಾನುವಾರ ಕಾರ್ಟೂನ್ ನೋಡುವಾಗ ಬಂದದ್ದೂ ಇದೆ, ತಾನೇ ಕೇಳಿ ಹಾಕಿಸಿಕೊಂಡ ಬೆಣ್ಣೆದೋಸೆ ಅರ್ಧಕ್ಕೆ ಬಿಟ್ಟದ್ದೂ ಇದೆ. ಈ ಎರಡನೇ ವಿಷಯ ಯಾರ ಕಿವಿಗೂ ಬೀಳಲ್ಲ. "ಸ್ಕೂಲಿಗೆ ಹೊರಡುವಾಗ" ಅಂದ ಕೂಡಲೇ ಎದುರಿಗಿದ್ದವರ ಮುಖದಲ್ಲಿ ಒಂದು ನಗು ಮೂಡುತ್ತೆ. ಗೊತ್ತಾಯ್ತು ಬಿಡಿ ಅನ್ನೋ ನಗು.

ನಮ್ಮತ್ತೆ ರಾಣೆಬೆನ್ನೂರು ಕಡೆಯವರು. "ಕೂಸಿಗೆ ಬಟ್ಟಿ ಬಿದ್ದೈತಿ, ಅದು ದವಾಖಾನ್ಯಾಗ ಏನ್ ತಿಳೀತೈತಿ" (ಹೊಕ್ಕುಳ ಜಾಗ ಬಿಟ್ಟು ಸರಿದಿದೆ ಅಂತ) ಅಂದು ಮಗುವನ್ನು ಚಾಪೆ ಮೇಲೆ ಮಲಗಿಸಿ, ಹೊಕ್ಕುಳ ಸುತ್ತ ಇಂಗು ಹಚ್ಚಿ, ಬೆಚ್ಚಗಿನ ಎಣ್ಣೆ ಕೈಯಲ್ಲಿ ಸವರುತ್ತಾ ಕೂತರು. ಓಂಕಾಳಿನ ನೀರು ಕುಡಿಸಿದರು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟರು. ಘಾಟು ಬರಲಿಲ್ಲವಂತೆ, ಹಾಗಾಗಿ ದೃಷ್ಟಿಯೇ ಅಂತ ತೀರ್ಮಾನ ಆಯ್ತು. (ಹಜಾರದಲ್ಲಿದ್ದ ನನಗೆ ಕೆಮ್ಮು ಬಂತು. ಅದನ್ನು ಅವರು ಲೆಕ್ಕಕ್ಕೆ ತಗೊಳ್ಳಲಿಲ್ಲ.) ಬಟ್ಟಿ ಬೀಳೋದು, ಏರೋದು ಇದನ್ನೆಲ್ಲ ನಾನು ನಂಬಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಇಡೀ ಬಳಗದಲ್ಲಿ "ನಿಜವಾಗ್ಲೂ ನೋಯ್ತಿದೆಯಾ?" ಅಂತ ಮಗುವನ್ನು ಕೇಳದೇ ಇದ್ದವರು ಅವರೊಬ್ಬರೇ.

ನನಗೆ ಸಿಟ್ಟು ಬರೋದು "ನಾಟಕ" ಅನ್ನೋ ಮಾತಿಗೆ. ನಾನು ಹೈಸ್ಕೂಲ್ ಟೀಚರ್. ನಾಟಕ ಆಡೋ ಮಕ್ಕಳನ್ನು ನೋಡಿಲ್ಲ ಅಂತಲ್ಲ, ನಮ್ಮ ಸ್ಟಾಫ್ ರೂಮಿನ ಬೆಂಚು ಸೋಮವಾರ ಖಾಲಿ ಇರಲ್ಲ. ನಾಟಕ ಆಡೋ ಹುಡುಗ ಪಿ.ಟಿ. ಪೀರಿಯಡ್ ಬೆಲ್ ಹೊಡೆದ ಕೂಡಲೇ ಎದ್ದು ಹೋಗ್ತಾನೆ. ನೋವಿರುವ ಮಗು ಹೋಗಬೇಕು ಅಂತ ಏಳುತ್ತೆ, ಮತ್ತೆ ಕೂರುತ್ತೆ. ಈ ವ್ಯತ್ಯಾಸ ತಿಳಿಯೋಕೆ ಯಂತ್ರ ಬೇಕಾಗಿಲ್ಲ, ಹತ್ತು ನಿಮಿಷ ಪುರುಸೊತ್ತು ಬೇಕು.

ಮಕ್ಕಳ ನೋವನ್ನು ನಂಬದಿರೋದು ನಮ್ಮ ಮನೆಗಳ ಚಾಳಿ ಅಷ್ಟೇ ಅಲ್ಲ, ವೈದ್ಯಕೀಯಕ್ಕೂ ಇತ್ತು. ನವಜಾತ ಶಿಶುಗಳಿಗೆ ನೋವು ಅಷ್ಟಾಗಿ ತಿಳಿಯೋದಿಲ್ಲ ಅನ್ನೋ ನಂಬಿಕೆ 1980ರ ದಶಕದವರೆಗೂ ಇತ್ತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಮೈ ಅಲುಗದಂತೆ ಔಷಧ ಕೊಟ್ಟು, ನೋವು ತಡೆಯಲು ಸಾಕಷ್ಟು ಏನೂ ಕೊಡದೆ ಆಪರೇಷನ್ ಮಾಡುತ್ತಿದ್ದರು. ಇಂದೋರ್‌ನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡ್‌ಗೆ ಹೋದ ಕನ್ವಲ್‌ಜೀತ್ ಆನಂದ್ ಮತ್ತವರ ಜೊತೆಗಾರರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಸರಿಯಾದ ನೋವು ನಿವಾರಕ ಸಿಕ್ಕ ಶಿಶುಗಳ ದೇಹ ಆಪರೇಷನ್ನಿನ ಆಘಾತವನ್ನು ಎಷ್ಟೋ ಚೆನ್ನಾಗಿ ತಡೆದುಕೊಂಡಿತ್ತು. ನಾವು ಶಾಲೆಗೆ ಹೋಗುತ್ತಿದ್ದ ಕಾಲದ ಕತೆ ಇದು. ಓದಿದ ದಿನ ನನಗೆ ಊಟ ಸೇರಲಿಲ್ಲ.

ಹೊಟ್ಟೆನೋವಿನ ವಿಷಯಕ್ಕೆ ಬರ್ತೀನಿ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಅನ್ನೋ ಮಕ್ಕಳ ವೈದ್ಯರು ಸಹೋದ್ಯೋಗಿ ನೈಶ್ ಜೊತೆ ಸೇರಿ ಶಾಲೆಗೆ ಹೋಗುವ 1000 ಮಕ್ಕಳನ್ನು ವಿಚಾರಿಸಿ 1958ರಲ್ಲಿ ಒಂದು ವರದಿ ಬರೆದರು. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಮತ್ತೆ ಬರುವ ಹೊಟ್ಟೆನೋವು ಇತ್ತು. ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ, ಅದೂ ಆಟ-ಪಾಠ ಕೆಡಿಸುವಷ್ಟು. ಅವರಲ್ಲಿ ಬಹುಪಾಲು ಮಕ್ಕಳ ಒಳಗೆ ಹುಡುಕಿದರೂ ರೋಗ ಸಿಗಲಿಲ್ಲ. ನೋವು ಹೊಕ್ಕುಳಿನಿಂದ ದೂರ ಹೋದಷ್ಟೂ ಒಳಗೆ ರೋಗವಿರುವ ಸಂಭವ ಹೆಚ್ಚು ಅನ್ನೋ ಮಾತು ಅವರ ಹೆಸರಲ್ಲೇ ಇವತ್ತಿಗೂ ಓಡಾಡ್ತಿದೆ. ನಮ್ಮ ಡಾಕ್ಟರು ಮಗಳಿಗೆ "ಎಲ್ಲಿ ನೋಯುತ್ತೆ ಪುಟ್ಟಿ, ಒಂದು ಬೆರಳಲ್ಲಿ ತೋರಿಸು" ಅಂದಾಗ ಅವಳು ಬೆರಳು ತೋರಿಸದೆ ಅಂಗೈ ಪೂರ್ತಿ ಹೊಕ್ಕುಳ ಮೇಲಿಟ್ಟಳು. ಡಾಕ್ಟರ ಮುಖ ಸ್ವಲ್ಪ ಸಡಿಲವಾಯ್ತು.

ರೋಗವಿಲ್ಲದೆ ನೋವು ಹೇಗೆ ಬರುತ್ತೆ? ಕರುಳಿನ ಗೋಡೆಯಲ್ಲೇ ಕೋಟ್ಯಂತರ ನರಕೋಶಗಳಿವೆ, ಮಿದುಳಿನ ಜೊತೆ ಅವುಗಳ ಮಾತುಕತೆ ನಿಲ್ಲೋದೇ ಇಲ್ಲ. ಒಂದು ಸಲ ಸೋಂಕು ತಗುಲಿ ವಾಸಿಯಾದಮೇಲೂ ಕೆಲವು ಮಕ್ಕಳಲ್ಲಿ ಆ ನರಗಳು ಚುರುಕಾಗಿಯೇ ಉಳಿದುಬಿಡುತ್ತವೆ. ಮನೆಗೆ ಕಳ್ಳ ನುಗ್ಗಿದ ಮೇಲೆ ನಾಯಿ ಪೇಪರ್ ಹಾಕೋ ಹುಡುಗನಿಗೂ ಬೊಗಳುತ್ತಲ್ಲ, ಹಾಗೆ. ಗ್ಯಾಸು ಓಡಾಡಿದ್ದು, ಊಟ ಇಳಿದದ್ದು, ಬೇರೆಯವರಿಗೆ ಗೊತ್ತೇ ಆಗದ ಸಂಗತಿಗಳು ಇವರಿಗೆ ನೋವಾಗಿ ತಿಳಿಯುತ್ತವೆ. ಗಾಬರಿಯಾದರೆ, ನಿದ್ದೆ ಕೆಟ್ಟರೆ, ಪರೀಕ್ಷೆ ಹತ್ತಿರ ಬಂದರೆ ಇನ್ನೂ ಜಾಸ್ತಿ. ಬೆಳಿಗ್ಗೆ ಸ್ಕೂಲಿನ ಹೊತ್ತಿಗೆ ಯಾಕೆ ಹೆಚ್ಚು ಅನ್ನೋದಕ್ಕೆ ಇದರಲ್ಲೇ ಅರ್ಧ ಉತ್ತರ ಇದೆ. ಮಗು ಸುಳ್ಳು ಹೇಳ್ತಿದೆ ಅಂತ ಇದರರ್ಥ ಅಲ್ಲ. ನೋವು ಅನ್ನೋದು ಏನು ಅಂತ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ 2020ರಲ್ಲಿ ತನ್ನ ವಿವರಣೆಯನ್ನು ಪರಿಷ್ಕರಿಸಿದಾಗ, ನೋಯುತ್ತಿದೆ ಅಂತ ಒಬ್ಬರು ಹೇಳಿದರೆ ಆ ಮಾತಿಗೆ ಬೆಲೆ ಕೊಡಬೇಕು ಅಂತಲೂ ಸೇರಿಸಿದೆ. ಒಂಬತ್ತು ವರ್ಷದವರೂ ಆ 'ಒಬ್ಬರ' ಲೆಕ್ಕಕ್ಕೆ ಬರ್ತಾರೆ.

ಇನ್ನು ಸ್ಕ್ಯಾನಿಂಗ್. ಹೊಟ್ಟೆನೋವಿನ ಮಗುವಿಗೆ ಅಲ್ಟ್ರಾಸೌಂಡ್ ಮಾಡಿಸಿದರೆ ಕೊನೆಯಲ್ಲಿ "ಮೆಸೆಂಟೆರಿಕ್ ಲಿಂಫ್ ನೋಡ್" ಅಂತ ಒಂದು ಸಾಲು ಇರೋದು ಬಹಳ ಸಾಮಾನ್ಯ. ಕರುಳಿನ ಪಕ್ಕದ ಗ್ರಂಥಿಗಳು ಸ್ವಲ್ಪ ಊದಿವೆ ಅಂತ ಅರ್ಥ. ಸೋಂಕು ಬಂದು ಹೋದಮೇಲೆ ಅವು ಊದುತ್ತವೆ, ಯಾವ ನೋವೂ ಇಲ್ಲದ ಮಕ್ಕಳಲ್ಲೂ ಕಾಣಿಸುತ್ತವೆ. ಎಷ್ಟು ಮನೆಗಳ ನಿದ್ದೆ ಕೆಡಿಸಿದೆಯೋ ಆ ಸಾಲು! ನಮ್ಮಲ್ಲಿ ರಿಪೋರ್ಟ್ ವಾಟ್ಸಾಪ್ ಗ್ರೂಪಿಗೆ ಹೋಗಿ, ಅಲ್ಲಿಂದ ಒಬ್ಬರು "ಟಿ.ಬಿ. ಇರಬಹುದು, ನೆಗ್ಲೆಕ್ಟ್ ಮಾಡಬೇಡಿ" ಅಂದು, ನಮ್ಮ ಯಜಮಾನರು ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತರು. ಬೆಳಿಗ್ಗೆ ಎದ್ದು ಬೆಂಗಳೂರಿಗೆ ಹೋಗೋಣ, ಎಂಡೋಸ್ಕೋಪಿ ಮಾಡಿಸೋಣ ಅಂದರು.

ನಮ್ಮ ಡಾಕ್ಟರು ಬೇಡ ಅಂದರು. ಹಳೆಯ ಲಸಿಕೆ ಕಾರ್ಡಿನಿಂದ ಹಿಡಿದು ಇವತ್ತಿನವರೆಗೆ ತೂಕ, ಎತ್ತರ ಬರೆದುಕೊಂಡು, ಚಾರ್ಟಿನಲ್ಲಿ ಗೆರೆ ಎಳೆದು ತೋರಿಸಿದರು. "ಗೆರೆ ಬಾಗಿಲ್ಲ ನೋಡಿ ಸರ್, ನೆಟ್ಟಗೆ ಬೆಳೀತಿದಾಳೆ. ಬಾಗಿದ ದಿನ ನಾನೇ ಕಳಿಸ್ತೀನಿ." ಟೆಸ್ಟ್ ಬರೆಯದ ಡಾಕ್ಟರನ್ನು ನಮ್ಮ ಜನ ದಡ್ಡ ಅಂದುಕೊಳ್ತಾರೆ, ಇಲ್ಲವೇ ಸೋಮಾರಿ ಅಂತಾರೆ. ಹೆದರಿದ ಅಪ್ಪನ ಎದುರು ಕೂತು ಬೇಡ ಅನ್ನೋದು ಚೀಟಿ ಬರೆದು ಕೊಡೋದಕ್ಕಿಂತ ಕಷ್ಟದ ಕೆಲಸ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಆವತ್ತೇ.

ಇದನ್ನು ಓದಿ ಯಾರೂ ಮಗುವಿನ ಹೊಟ್ಟೆನೋವನ್ನು ಹಾಗೇ ಬಿಟ್ಟುಬಿಡಬೇಡಿ, ದಯವಿಟ್ಟು. ತೂಕ ಇಳೀತಿದ್ದರೆ, ಬೆಳವಣಿಗೆ ನಿಂತಿದ್ದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ಹಸಿರಾಗಿದ್ದರೆ, ಪದೇ ಪದೇ ಜ್ವರ ಬರುತ್ತಿದ್ದರೆ, ನಿದ್ದೆಯಲ್ಲಿದ್ದ ಮಗು ನೋವಿಗೆ ಎಚ್ಚರವಾಗುತ್ತಿದ್ದರೆ ಅದರ ದಾರಿಯೇ ಬೇರೆ. ಹೊಕ್ಕುಳ ಹತ್ತಿರ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಕ್ಕೆ ಸರಿದು, ನಡೆದರೆ ಕೆಮ್ಮಿದರೆ ಜಾಸ್ತಿಯಾಗುವ ನೋವು ಅಪೆಂಡಿಕ್ಸ್ ಇರಬಹುದು. ಬಾಯಾರಿಕೆ, ಮೂತ್ರ ವಿಪರೀತ ಹೆಚ್ಚಾಗಿ ಹೊಟ್ಟೆನೋವು ಬಂದರೆ ಸಕ್ಕರೆ ನೋಡಿಸಲೇಬೇಕು. ಗಂಡುಮಕ್ಕಳ ತಾಯಂದಿರಿಗೆ ಇನ್ನೊಂದು: ಹುಡುಗ ಇದ್ದಕ್ಕಿದ್ದಂತೆ ಹೊಟ್ಟೆಯ ಕೆಳಭಾಗ ಹಿಡಿದು ಒದ್ದಾಡಿದರೆ ಚಡ್ಡಿ ಬಿಚ್ಚಿಸಿ ನೋಡಿ. ವೃಷಣ ತಿರುಚಿಕೊಂಡಿದ್ದರೆ ಅದನ್ನು ಉಳಿಸಿಕೊಳ್ಳೋಕೆ ಸುಮಾರು ಆರು ಗಂಟೆ ಮಾತ್ರ ಸಮಯ. ನಾಚಿಕೆಗೆ ಹುಡುಗರು ಹೊಟ್ಟೆನೋವು ಅಂತ ಹೇಳಿ ಸುಮ್ಮನಾಗಿಬಿಡ್ತಾರೆ.

ಇದ್ಯಾವುದೂ ಇಲ್ಲ ಅಂತ ಖಚಿತವಾದ ಮೇಲೆ ಮನೆಯಲ್ಲಿ ಏನು ಮಾಡಬೇಕು ಅನ್ನೋದೇ ನಿಜವಾದ ಕಷ್ಟ. ಅಮೆರಿಕದಲ್ಲಿ ಲಿನ್ ವಾಕರ್ ಮತ್ತವರ ತಂಡ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಇಂಥ ಹೊಟ್ಟೆನೋವಿನ ಮಕ್ಕಳಿಗೂ ಆರೋಗ್ಯವಂತ ಮಕ್ಕಳಿಗೂ ಹೊಟ್ಟೆ ಬಿಗಿಯುವಷ್ಟು ನೀರು ಕುಡಿಸಿದರು. ಕೆಲವು ಹೆತ್ತವರಿಗೆ ಮಗುವಿನ ನೋವಿನ ಬಗ್ಗೆಯೇ ಗಮನ ಕೊಟ್ಟು ಮಾತಾಡಿ ಅಂದರು, ಕೆಲವರಿಗೆ ಮಾತನ್ನು ಬೇರೆ ಕಡೆ ತಿರುಗಿಸಿ ಅಂದರು, ಇನ್ನು ಕೆಲವರಿಗೆ ಏನೂ ಹೇಳಲಿಲ್ಲ. ಏನೂ ಹೇಳದೆ ಬಿಟ್ಟವರಿಗೆ ಹೋಲಿಸಿದರೆ, ಗಮನ ಕೊಟ್ಟ ಕಡೆ ಮಕ್ಕಳ ದೂರು ಹೆಚ್ಚುಕಡಿಮೆ ದುಪ್ಪಟ್ಟಾಯ್ತು, ಮಾತು ತಿರುಗಿಸಿದ ಕಡೆ ಅರ್ಧಕ್ಕಿಳಿಯಿತು. ನೋವಿರುವ ಮಕ್ಕಳ ಹೆತ್ತವರಿಗೆ ಮಾತ್ರ ಮಾತು ತಿರುಗಿಸಿದರೆ ಮಗುವಿಗೆ ಕೆಡುಕಾಗುತ್ತೆ ಅನ್ನಿಸಿತ್ತು. ಮಕ್ಕಳಿಗೆ ಹಾಗನ್ನಿಸಿರಲಿಲ್ಲ, ಅಪ್ಪ-ಅಮ್ಮನಿಂದ ಹಾಯಾಯ್ತು ಅಂತಲೇ ಅವರು ಹೇಳಿದ್ದರು.

ನಾನು ಹೇಳೋಕೆ ಹೊರಟದ್ದು ಇಷ್ಟೇ. ಮಗುವನ್ನು ಪೂರ್ತಿ ನಂಬಿ, ಆದರೆ ನೋವನ್ನು ಕೆದಕುತ್ತಾ ಕೂರಬೇಡಿ. ನಂಬಿದವರು ಗಂಟೆಗೊಮ್ಮೆ "ಈಗ ಹೇಗಿದೆ ಕಂದ?" ಅಂತಾರೆ. ಕೇಳದೇ ಇರುವವರು ನಂಬೋದೂ ಇಲ್ಲ. ಎರಡರ ನಡುವೆ ನಿಲ್ಲೋದು ಹೆತ್ತ ಕರುಳಿಗೆ ಸುಲಭ ಅಲ್ಲ. ನಮ್ಮ ಮನೆಯಲ್ಲಿ ಈಗ ನೋವು ಬಂದರೆ ಮಲಗ್ತಾಳೆ, ಬಿಸಿನೀರಿನ ಚೀಲ ಕೊಡ್ತೀವಿ, ಸ್ವಲ್ಪ ಹೊತ್ತು ಬಿಟ್ಟು ಚೌಕಾಬಾರ ಹರಡ್ತೀವಿ. ಸ್ಕೂಲು ತಪ್ಪಿಸೋ ಹಾಗಿಲ್ಲ, ಕ್ಲಾಸಲ್ಲಿ ಬಂದರೆ ಹತ್ತು ನಿಮಿಷ ಒರಗಿ ಮತ್ತೆ ಒಳಗೆ. ಅತ್ತೆಯವರ ಎಣ್ಣೆ ಕೈಯೂ ಮುಂದುವರಿದಿದೆ, ಡಾಕ್ಟರ ಅಭ್ಯಂತರ ಇಲ್ಲ. ಕೌನ್ಸೆಲಿಂಗ್ ಕೂಡ ಇಂಥ ನೋವಿಗೆ ಕೆಲಸ ಮಾಡುತ್ತೆ ಅಂತ ಡಾಕ್ಟರು ಹೇಳಿದಾಗ "ಮಗೂಗೆ ತಲೆ ಕೆಟ್ಟಿಲ್ಲ" ಅಂತ ನೆಂಟರೊಬ್ಬರು ಜಗಳಕ್ಕೇ ಬಂದರು. ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ. ನೋವು ಪೂರ್ತಿ ಹೋಗಿಲ್ಲ. ಬರೋದು ಕಮ್ಮಿಯಾಗಿದೆ, ಬಂದರೂ ಅವಳು ಮೊದಲಿನಷ್ಟು ಹೆದರಲ್ಲ.

ಡಾಕ್ಟರು ಕೇಳಿದ ಇನ್ನೊಂದು ಪ್ರಶ್ನೆ ಇತ್ತು: "ದಿನಾ ಕಕ್ಕಸಿಗೆ ಸರಿಯಾಗಿ ಹೋಗ್ತೀಯಾ?" ಮಲಬದ್ಧತೆ ಮಕ್ಕಳ ಹೊಟ್ಟೆನೋವಿನ ದೊಡ್ಡ ಕಾರಣಗಳಲ್ಲೊಂದು, ತಡೆದುಕೊಂಡಷ್ಟೂ ಅದು ಹೆಚ್ಚುತ್ತೆ. ಬಗೆದು ಕೇಳಿದಾಗ ಗೊತ್ತಾಯ್ತು, ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟವಳು ಸಂಜೆ ನಾಲ್ಕರವರೆಗೆ ಸ್ಕೂಲ್ ಟಾಯ್ಲೆಟ್‌ಗೆ ಕಾಲಿಡಲ್ಲ. ಒಳಗಡೆ ಚಿಲಕ ಇಲ್ಲವಂತೆ. ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿಯಬೇಕು, ಹಿಡಿದವಳು ತಮಾಷೆಗೆ ಬಿಟ್ಟು ಓಡ್ತಾಳೆ. ಅದಕ್ಕೆ ಹುಡುಗಿಯರು ನೀರೇ ಕುಡಿಯಲ್ಲ. ಬಾಟಲಿ ತುಂಬಿಯೇ ಯಾಕೆ ವಾಪಸ್ ಬರುತ್ತಿತ್ತು ಅಂತ ಆಗ ಅರ್ಥ ಆಯ್ತು. ಇದೇ ನೋವಿಗೆ ಕಾರಣ ಅಂತ ನಾನು ಹೇಳಲ್ಲ, ಡಾಕ್ಟರೂ ಹೇಳಲಿಲ್ಲ. ಆದರೆ ಸಾವಿರಾರು ರೂಪಾಯಿ ಫೀಸು ತಗೊಳ್ಳೋ ಶಾಲೆಯಲ್ಲಿ ಒಂದು ಚಿಲಕ ಹಾಕಿಸೋಕೆ ಏನು ಕಷ್ಟ? ಶನಿವಾರ ಪೋಷಕರ ಸಭೆ ಇದೆ, ನಾನು ಮಾರ್ಕ್ಸ್ ಕಾರ್ಡ್ ನೋಡೋ ಮುಂಚೆ ಇದನ್ನೇ ಕೇಳೋಳು. ಅದೇ ಶಾಲೆಗೆ ಮಕ್ಕಳನ್ನು ಕಳಿಸೋರು ಇದನ್ನು ಓದ್ತಿದ್ದರೆ ಹತ್ತು ಗಂಟೆಗೆ ಬನ್ನಿ, ಬರೋ ಮುಂಚೆ ನಿಮ್ಮ ಮಗಳ ನೀರಿನ ಬಾಟಲಿಯನ್ನು ಒಮ್ಮೆ ನೋಡಿ.