ವಾಯೇಜರ್ ತಟ್ಟೆಯಲ್ಲಿ ನಾವೂ ಇದ್ದೇವೆ, ಗೋವಾವೂ ಇದೆ

ಬಾಹ್ಯಾಕಾಶದ ದೊಡ್ಡ ಸಾಧನೆ ಯಾವುದು ಅಂತ ಕೇಳಿದರೆ ಗಗಾರಿನ್, ಆರ್ಮ್‌ಸ್ಟ್ರಾಂಗ್ ಹೆಸರು ಬರುತ್ತದೆ. ಈಗ ಚಂದ್ರಯಾನ-3 ಕೂಡ. ಎಲ್ಲವೂ ದೊಡ್ಡವೇ. ಆದರೆ ನನ್ನ ಮಟ್ಟಿಗೆ 1977ರಲ್ಲಿ ದೂರದ ಗ್ರಹಗಳತ್ತ ಹೊರಟ ನಾಸಾದ ಎರಡು ವಾಯೇಜರ್ ನೌಕೆಗಳದ್ದೇ ಮೊದಲ ಸ್ಥಾನ. ಗೋವಾದಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಂತೂ ಇವುಗಳ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು.

ಎಂದಾದರೂ ಬೇರೆ ಲೋಕದವರಿಗೆ ಸಿಕ್ಕರೆ ಕೇಳಲಿ ಅಂತ ಎರಡರಲ್ಲೂ ಒಂದೊಂದು ಗ್ರಾಮಫೋನ್ ತಟ್ಟೆ ಇಟ್ಟಿದ್ದಾರೆ. ತಾಮ್ರದ್ದು, ಮೇಲೆ ಚಿನ್ನದ ಲೇಪ. ನುಡಿಸುವ ಮುಳ್ಳನ್ನೂ ಜೊತೆಗೇ ಕಳಿಸಿದ್ದಾರೆ. ನುಡಿಸುವುದು ಹೇಗೆ ಅಂತ ಮುಚ್ಚಳದ ಮೇಲೆ ಚಿತ್ರ ಕೊರೆದಿದ್ದಾರೆ. ಅದರಲ್ಲಿ 55 ಭಾಷೆಗಳ ಶುಭಾಶಯವಿದೆ, ಕನ್ನಡವೂ ಇದೆ: "ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು."

ಕೊಂಕಣಿ ಶುಭಾಶಯ ಇಲ್ಲ. ಆದರೆ ಗೋವಾ ಇದೆ. ತಟ್ಟೆಯ 27 ಸಂಗೀತ ತುಣುಕುಗಳಲ್ಲಿ ಭಾರತದ್ದು ಒಂದೇ, ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ. ಫೋಂಡಾ ತಾಲ್ಲೂಕಿನ ಕೇರಿ ಅವರ ಹುಟ್ಟೂರು. ಅಲ್ಲಾದಿಯಾ ಖಾನರ ಶಿಷ್ಯೆ. ವಾಯೇಜರ್-1 ಹಾರಿದ್ದು ಸೆಪ್ಟೆಂಬರ್ 5ಕ್ಕೆ. ಅದೇ ತಿಂಗಳ 16ರಂದು ಅವರು ಮುಂಬೈಯಲ್ಲಿ ತೀರಿಕೊಂಡರು.

ಪಕ್ಕದ ಮನೆಯ ಮಾವಶಿಗೆ ಆ ಭೈರವಿಯನ್ನು ಮೊಬೈಲ್‌ನಲ್ಲಿ ಕೇಳಿಸಿದೆ. ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಮುಗಿದ ಕೂಡಲೇ "ಆಮ್ಚಿ ಕೇಸರ್‌ಬಾಯ್! ಪರತ್ ಲಾಯ್" ಅಂದರು. ಇನ್ನೊಮ್ಮೆ ಹಾಕಿದೆ. ಆಮೇಲೆ ನಮ್ಮ ಕನ್ನಡದ ಸಾಲನ್ನೂ ಕೇಳಿಸಿದೆ. ಮಹದಾಯಿ ಸುದ್ದಿ ಬಂದಾಗಲೆಲ್ಲ ಇಲ್ಲಿ ನಾವು ಬೇರೆ, ಅವರು ಬೇರೆ ಎಂಬಂತೆ ಮಾತು ತಿರುಗುತ್ತದೆ, ಅಲ್ವಾ? ನನಗೆ ಅದು ನಿಜಕ್ಕೂ ನೋವು ಕೊಡುತ್ತದೆ. ಅಷ್ಟು ದೂರದಲ್ಲಿ ಇಬ್ಬರ ದನಿಯೂ ಒಂದೇ ತಟ್ಟೆಯಲ್ಲಿದೆ.

"ಮನುಷ್ಯರೇ ಇಲ್ಲದ ನೌಕೆ, ಅದೆಂಥ ಸಾಧನೆ?" ಅಂತ ಗೆಳೆಯರು ವಾದಿಸುತ್ತಾರೆ. ಅಪೊಲೊ ಯಾತ್ರಿಗಳು ಹೋದದ್ದು ಸುಮಾರು 4 ಲಕ್ಷ ಕಿ.ಮೀ. ವಾಯೇಜರ್-1 ಸಾವಿರಾರು ಕೋಟಿ ಕಿ.ಮೀ. ದಾಟಿದೆ. 2012ರ ಆಗಸ್ಟ್‌ನಲ್ಲೇ ಸೌರಮಾರುತದ, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಹರಿವಿನ, ಎಲ್ಲೆ ಮೀರಿ, ನಕ್ಷತ್ರಗಳ ನಡುವಿನ ಜಾಗಕ್ಕೆ ಕಾಲಿಟ್ಟಿತು. ಅದರ ಟ್ರಾನ್ಸ್‌ಮಿಟರ್‌ನ ಶಕ್ತಿ ಫ್ರಿಜ್ಜಿನೊಳಗಿನ ಬಲ್ಬಿನಷ್ಟು, ಸುಮಾರು 23 ವ್ಯಾಟ್.

ಮನುಷ್ಯರು ಇಲ್ಲ ಅನ್ನುವವರು 2023ರ ನವೆಂಬರ್ ನೆನಪಿಸಿಕೊಳ್ಳಲಿ. ಆಗ ವಾಯೇಜರ್-1 ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ಒಂದು ಮೆಮೊರಿ ಚಿಪ್ ಕೆಟ್ಟಿತ್ತು. ಹೋಗಿ ಬದಲಿಸೋಣ ಅಂದರೆ 2400 ಕೋಟಿ ಕಿ.ಮೀ. ದೂರ. ಒಂದು ಸಂದೇಶ ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಮತ್ತೆ ಅಷ್ಟೇ. ಆ ಚಿಪ್‌ನಲ್ಲಿದ್ದ ಕೋಡನ್ನು ಇಡಿಯಾಗಿ ಇಡಲು ಬೇರೆಲ್ಲೂ ಜಾಗವಿರಲಿಲ್ಲ. ಇಂಜಿನಿಯರ್‌ಗಳು ಅದನ್ನು ತುಂಡು ಮಾಡಿ, ಮೆಮೊರಿಯಲ್ಲಿ ಖಾಲಿ ಇದ್ದ ಕಡೆಯಲ್ಲೆಲ್ಲ ಕೂರಿಸಿದರು. ತುಂಡುಗಳು ಒಂದಕ್ಕೊಂದು ಸೇರಿ ಕೆಲಸ ಮಾಡುವಂತೆ ತಿದ್ದಿದರು. ಮೊದಲ ಭಾಗ ಕಳಿಸಿದ್ದು 2024ರ ಏಪ್ರಿಲ್ 18ಕ್ಕೆ. 20ಕ್ಕೆ ಉತ್ತರ ಬಂತು, ನೌಕೆಯ ಸ್ಥಿತಿಗತಿ ಐದು ತಿಂಗಳ ನಂತರ ಮತ್ತೆ ತಿಳಿಯಿತು! ನಾನಂತೂ ಆ ಸುದ್ದಿಯನ್ನು ಕಂಡಕಂಡವರಿಗೆಲ್ಲ ಹೇಳಿದೆ.

ವಿದ್ಯುತ್ ವರ್ಷಕ್ಕೆ ಸುಮಾರು 4 ವ್ಯಾಟ್‌ನಂತೆ ಕಡಿಮೆಯಾಗುತ್ತಿದೆ. ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತಿದ್ದಾರೆ. ಅದಿನ್ನೂ ಮಾತಾಡುತ್ತಿರುವಾಗಲೇ ನಮ್ಮ ಮಕ್ಕಳು ಅದರ ಬಗ್ಗೆ ತಿಳಿಯಲಿ ಅನ್ನುವುದು ನನ್ನ ಆಸೆ.

ಇಲ್ಲಿನ ಕನ್ನಡ ಸಂಘಗಳವರೇ, ಈ ಸಲದ ರಾಜ್ಯೋತ್ಸವದಲ್ಲಿ ಭಾಷಣ, ಸನ್ಮಾನಗಳ ನಡುವೆ ಐದು ನಿಮಿಷ ಬಿಟ್ಟುಕೊಡಿ. ಮೊದಲು ಕನ್ನಡದ ಆ ಸಾಲು, ಆಮೇಲೆ ಮೂರೂವರೆ ನಿಮಿಷದ ಭೈರವಿ. ಅಕ್ಕಪಕ್ಕದ ಗೋವೆಯವರನ್ನೂ ಕರೆಯಿರಿ. ಶುಭಾಶಯಗಳ ಆಡಿಯೊ ನಾಸಾ ವೆಬ್‌ಸೈಟಿನಲ್ಲೇ ಸಿಗುತ್ತದೆ. ಪರದೆ, ಸ್ಪೀಕರ್ ನಾನು ತರುತ್ತೇನೆ.